ಒಳ್ಳೆ ಏರಿಯಾ ಎಂಬ ಅಳತೆಗೋಲು

ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಕೆಲಸಕ್ಕೆಂದು ಬೆಂಗಳೂರಿಗೆ ಬರುವವರು ಮನೆ ಹುಡುಕುವ ಮೊದಲು ಪರಿಚಯದವರನ್ನು ಕೇಳುವುದು ಒಂದೇ ಮಾತು: ಯಾವ ಏರಿಯಾ ಒಳ್ಳೆಯದು? ಉತ್ತರಗಳೂ ಹೆಚ್ಚುಕಡಿಮೆ ಸಿದ್ಧವಾಗಿರುತ್ತವೆ. ಜಯನಗರ, ಮಲ್ಲೇಶ್ವರ ಸೇಫು, ಆದರೆ ಬಾಡಿಗೆ ಜಾಸ್ತಿ. ಇನ್ನೊಂದು ಕಡೆ ಅಗ್ಗ, ಆದರೆ ಜನ ಸರಿಯಿಲ್ಲ. ಮತ್ತೊಂದು ಊರಾಚೆ, ಆದರೆ ಹೊಸ ಕಟ್ಟಡಗಳಿವೆ. ಈ ಹೆಸರುಗಳನ್ನು ಹಿಡಿದುಕೊಂಡು ಬ್ರೋಕರ್ ಬಳಿ ಹೋಗಿ, ಕೈಗೆಟಕುವ ಹೆಸರಿಗೆ ಅಡ್ವಾನ್ಸ್ ಕೊಟ್ಟರೆ ಹುಡುಕಾಟ ಮುಗಿಯಿತು. ಇಷ್ಟು ದೊಡ್ಡ ಖರ್ಚಿನ ತೀರ್ಮಾನ ಇಷ್ಟು ಸಡಿಲವಾಗಿ ಆಗುತ್ತಿದ್ದರೂ ಈ ರೂಢಿಯನ್ನು ಪರೀಕ್ಷಿಸಿ ನೋಡಿದವರು ಕಡಿಮೆ. ಬಡಾವಣೆಯ ಹೆಸರು ಖರ್ಚನ್ನೂ ಸರಿಯಾಗಿ ಅಳೆಯುವುದಿಲ್ಲ, ಸುರಕ್ಷತೆಯನ್ನೂ ಅಳೆಯುವುದಿಲ್ಲ ಎಂಬುದು ನನ್ನ ವಾದ. ನೋಡಬೇಕಾದದ್ದು ಒಂದು ರಸ್ತೆಯನ್ನು, ಆ ರಸ್ತೆಯ ಒಂದು ಕಟ್ಟಡವನ್ನು, ಅಲ್ಲಿಂದ ಕೆಲಸಕ್ಕೆ ಹೋಗಿ ಬರುವ ದಾರಿಯನ್ನು.

ಮೊದಲು ಖರ್ಚು. ಊರಾಚೆಯ ಮನೆಯ ಬಾಡಿಗೆ 16,000, ಕೆಲಸದ ಸ್ಥಳಕ್ಕೆ ಹತ್ತಿರದ್ದು 21,000 ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಐದು ಸಾವಿರ ಉಳಿಯಿತು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಆದರೆ ನಮ್ಮ ಮೆಟ್ರೊದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60 ರೂಪಾಯಿಯಿಂದ 90ಕ್ಕೆ ಏರಿತು. ಆ ದರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿಬರಲು ದಿನಕ್ಕೆ 180. ನಿಲ್ದಾಣದಿಂದ ಮನೆಗೆ ಆಟೊ ಹಿಡಿದರೆ, 2025ರ ಆಗಸ್ಟ್‌ನಿಂದ ಕನಿಷ್ಠ ದರವೇ 36 ರೂಪಾಯಿ. ಎರಡು ಸಲಕ್ಕೆ 72. ತಿಂಗಳಿಗೆ 24 ದಿನ ಓಡಾಡಿದರೆ ಆರು ಸಾವಿರ ದಾಟುತ್ತದೆ, ಕಾರ್ಡಿನ ರಿಯಾಯಿತಿ ಕಳೆದರೂ ಅದರ ಹತ್ತಿರಕ್ಕೇ ಬರುತ್ತದೆ. ಉಳಿಸಿದ ಐದು ಸಾವಿರ ಅಲ್ಲೇ ಕರಗಿತು; ದಿನಕ್ಕೆ ಎರಡು ಮೂರು ಗಂಟೆಯ ಪ್ರಯಾಣವನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಇದೇ ಲೆಕ್ಕ ಮನೆಯವರೆಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಮೆಟ್ರೊ ನಿಲ್ದಾಣಕ್ಕಿಂತ, ಪದೇ ಪದೇ ಬಸ್ಸು ಬರುವ ಸ್ಟಾಪಿನ ಪಕ್ಕದ ಮನೆ ಹೆಚ್ಚು ಅನುಕೂಲವಾಗಬಹುದು. ಏರಿಯಾದ ಹೆಸರಿನಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ಹೆಸರು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಬಹುಭಾಗ ವರ್ಷಗಟ್ಟಲೆ ಬೋರ್‌ವೆಲ್ಲು, ಟ್ಯಾಂಕರುಗಳನ್ನೇ ನಂಬಿಕೊಂಡಿತ್ತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ ಟ್ಯಾಂಕರಿನವರು ಹೇಳಿದ್ದೇ ರೇಟಾಯಿತು. ಕೊನೆಗೆ ಜಿಲ್ಲಾಡಳಿತವೇ ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಎಂದು ಮಿತಿ ಹಾಕಬೇಕಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ನೀರು ಈ ಹಳ್ಳಿಗಳಿಗೆಂದು ಬಂತು. ಆದರೆ ರಸ್ತೆಯ ಕೆಳಗೆ ಕೊಳವೆ ಹಾದುಹೋಗಿದ್ದರೆ ಸಾಲದು, ಮಾಲೀಕರು ದುಡ್ಡು ಕಟ್ಟಿ ಸಂಪರ್ಕ ಪಡೆದಿರಬೇಕು. ಒಂದೇ ಕ್ರಾಸಿನಲ್ಲಿ ಒಂದು ಕಟ್ಟಡದ ಸಂಪಿಗೆ ಕಾವೇರಿ ಬರುತ್ತಿರುತ್ತದೆ, ಪಕ್ಕದ್ದಕ್ಕೆ ಟ್ಯಾಂಕರ್ ಬರುತ್ತಿರುತ್ತದೆ. ಟು-ಲೆಟ್ ಬೋರ್ಡು ಮಾತ್ರ ಎರಡು ಕಡೆಯೂ ಒಂದೇ ಥರ. ಕರೆಂಟಿನದೂ ಹೀಗೇ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲಾಭ ಬಾಡಿಗೆದಾರರಿಗೂ ಉಂಟು. ಆದರೆ ಪ್ರತಿ ಮನೆಗೂ ಬೇರೆ ಮೀಟರು, ಬೇರೆ ಆರ್.ಆರ್. ನಂಬರ್ ಇದ್ದರೆ ಮಾತ್ರ ಅದು ಕೈಗೆ ಬರುತ್ತದೆ. ಒಂದೇ ಮೀಟರಿನಿಂದ ನಾಲ್ಕು ಮನೆಗೆ ಲೈನ್ ಎಳೆದು ಮಾಲೀಕರೇ ಯೂನಿಟ್ಟಿಗೆ ಇಷ್ಟು ಎಂದು ವಸೂಲಿ ಮಾಡುವಲ್ಲಿ ಬಾಡಿಗೆಯ ಜೊತೆ ಇನ್ನೊಂದು ಬಾಡಿಗೆ ಕೊಟ್ಟಂತೆ. ಅಡ್ವಾನ್ಸ್ ಕೊಡುವ ಮೊದಲು ಸಂಪಿನ ಮುಚ್ಚಳವನ್ನೂ ಮೀಟರ್ ಬೋರ್ಡನ್ನೂ ನೋಡಲು ಹತ್ತು ನಿಮಿಷ ಸಾಕು. ಅಡುಗೆಮನೆಯ ಟೈಲ್ಸು ನೋಡುವವರು ಇದನ್ನು ಬಿಟ್ಟುಬಿಡುತ್ತಾರೆ.

ಇನ್ನು ಸುರಕ್ಷತೆ. ಒಳ್ಳೆ ಏರಿಯಾಕ್ಕೆ ಹೆಚ್ಚು ಬಾಡಿಗೆ ತೆರುವವರೆಲ್ಲ ಇದಕ್ಕಾಗಿಯೇ ತೆರುತ್ತಿದ್ದೇವೆ ಎಂದು ನಂಬಿರುತ್ತಾರೆ. ಯಾವುದರಿಂದ ಸುರಕ್ಷಿತ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಕೊಲೆಯಾಗುವವರು ಇನ್ನೂರರ ಆಸುಪಾಸು. ರಸ್ತೆ ಅಪಘಾತದಲ್ಲಿ ಸತ್ತವರು 2023ರಲ್ಲಿ ಒಂಬೈನೂರರ ಹತ್ತಿರ. ರೌಡಿಗಳಿದ್ದಾರೆ ಎಂದು ಒಂದು ಬಡಾವಣೆಯನ್ನು ಬಿಟ್ಟು, ಫುಟ್‌ಪಾತೇ ಇಲ್ಲದ ಹೆದ್ದಾರಿಯ ಬದಿಯ ಹೊಸ ಅಪಾರ್ಟ್‌ಮೆಂಟಿಗೆ ಹೋಗುವ ಕುಟುಂಬ ದೊಡ್ಡ ಅಪಾಯದ ಕಡೆಗೇ ನಡೆದಿರುತ್ತದೆ. ಅತ್ಯಾಚಾರ ಪ್ರಕರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಗೊತ್ತಿರುವವರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ಗೇಟು, ಗಾರ್ಡು ಇದನ್ನು ತಡೆಯಲಾರವು. ಮಳೆಯೂ ಬಾಡಿಗೆ ಎಷ್ಟೆಂದು ನೋಡಿ ಬರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರಿನ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ತಂದರು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮತ್ತೊಮ್ಮೆ ಮುಳುಗಿತು. ಹತ್ತಿರದಲ್ಲಿ ರಾಜಕಾಲುವೆ ಎಲ್ಲಿದೆ, ಕಳೆದ ಮಳೆಗಾಲದಲ್ಲಿ ಕೆಳಗಿನ ಮನೆಗಳಿಗೆ ನೀರು ನುಗ್ಗಿತ್ತೇ ಎಂಬುದನ್ನು ಬ್ರೋಕರ್ ಹೇಳುವುದಿಲ್ಲ. ಎದುರಿನ ಇಸ್ತ್ರಿ ಅಂಗಡಿಯವರು ಹೇಳುತ್ತಾರೆ. ಗೋಡೆಯ ಮೇಲೆ ಉಳಿದ ಕೆಸರಿನ ಗೆರೆಯೂ ಹೇಳುತ್ತದೆ.

ಹಾಗಾದರೆ ರಸ್ತೆಯನ್ನು ಓದುವುದು ಹೇಗೆ? ಅಮೆರಿಕದ ನಗರಗಳ ಬಗ್ಗೆ 1961ರಲ್ಲಿ ಪುಸ್ತಕ ಬರೆದ ಜೇನ್ ಜೇಕಬ್ಸ್, ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಬೀದಿಯ ಮೇಲೆ ಕಣ್ಣಿಟ್ಟಿರುವ ಅಂಗಡಿಯವರು, ಮನೆಯವರು ಎಂದು ವಾದಿಸಿದರು. ಈ ಮಾತಿಗೆ ವಿಜಯನಗರ, ಹನುಮಂತನಗರ, ರಾಜಾಜಿನಗರದ ಹಳೆಯ ಕ್ರಾಸುಗಳೇ ಸಾಕ್ಷಿ. ಬೆಳಿಗ್ಗೆ ಐದೂವರೆಗೆ ನಂದಿನಿ ಬೂತ್ ತೆರೆಯುತ್ತದೆ. ಆರಕ್ಕೆ ಸೊಪ್ಪಿನ ಗಾಡಿ, ಹೂವಿನವರು. ಹಗಲೆಲ್ಲ ದರ್ಜಿ, ಜೆರಾಕ್ಸ್ ಅಂಗಡಿ, ಹಿಟ್ಟಿನ ಗಿರಣಿ. ರಾತ್ರಿ ಹತ್ತರವರೆಗೆ ಮೆಡಿಕಲ್ ಶಾಪು, ಚಾಟ್ಸ್ ಗಾಡಿ. ಕೆಳಗೆ ಅಂಗಡಿ, ಮೇಲೆ ಮನೆ, ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವ ಅಜ್ಜಿ. ಒಂಬತ್ತೂವರೆಗೆ ಬಸ್ಸಿಳಿದು ಒಬ್ಬಳೇ ನಡೆದು ಬರುವ ಹುಡುಗಿಯ ಹಿಂದೆ ಯಾರಾದರೂ ಬಿದ್ದರೆ ಇಲ್ಲಿ ಹತ್ತು ಜನಕ್ಕೆ ಕಾಣುತ್ತದೆ. ಹೊರವರ್ತುಲ ರಸ್ತೆಯಾಚೆಯ ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳ ಪಕ್ಕದಲ್ಲಿ ನಡೆದು ನೋಡಿ. ಉದ್ದಕ್ಕೂ ಕಾಂಪೌಂಡ್ ಗೋಡೆ, ಒಂದು ಬಾಗಿಲಿಲ್ಲ, ಒಂದು ಅಂಗಡಿಯಿಲ್ಲ. ಒಳಗಿನವರು ಕಾರಿನಲ್ಲಿ ಗೇಟು ದಾಟುತ್ತಾರೆ. ಅದೇ ಕಟ್ಟಡದಲ್ಲಿ ಮನೆಗೆಲಸ ಮುಗಿಸಿ ಹೊರಬೀಳುವ ಹೆಂಗಸು ಆ ಗೋಡೆಯ ಕತ್ತಲಲ್ಲಿ ನಡೆಯುತ್ತಾಳೆ. ಒಳಗಿನ ಸುರಕ್ಷತೆಯ ಬೆಲೆಯನ್ನು ಹೊರಗಿನ ರಸ್ತೆ ತೆರುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ರಾತ್ರಿ ಪಾಳಿಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಗೇಟಿರುವ ಅಪಾರ್ಟ್‌ಮೆಂಟೇ ಮೇಲಲ್ಲವೇ ಎಂದು ಕೇಳಬಹುದು. ಬೆಳಗಿನ ಜಾವ ಮೂರಕ್ಕೆ ಕಂಪನಿಯ ಕ್ಯಾಬು ಬಾಗಿಲಿಗೇ ತಂದು ಬಿಡುವುದಾದರೆ ಮೇಲೇ, ಒಪ್ಪಬೇಕಾದ ಮಾತು. ಆ ಹೊತ್ತಿಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ, ಗಾರ್ಡ್ ಒಬ್ಬರು ಎಚ್ಚರವಿರುವುದು ದೊಡ್ಡ ಧೈರ್ಯ. ಆದರೆ ಬೆಂಗಳೂರಿನಲ್ಲಿ ದುಡಿಯುವ ಹೆಣ್ಣುಮಕ್ಕಳೆಲ್ಲರಿಗೂ ಕ್ಯಾಬ್ ಇಲ್ಲ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನವರು, ಆಸ್ಪತ್ರೆಯ ನರ್ಸುಗಳು, ಬಟ್ಟೆ ಅಂಗಡಿಯ ಹುಡುಗಿಯರು ರಾತ್ರಿ ಎಂಟು, ಒಂಬತ್ತಕ್ಕೆ ನಡೆದೇ ಮನೆ ಸೇರುವವರು. ಅವರ ಸುರಕ್ಷತೆ ಇರುವುದು ಬಸ್ ಸ್ಟಾಪಿನಿಂದ ಬಾಗಿಲವರೆಗಿನ ನಾನೂರು ಹೆಜ್ಜೆಯಲ್ಲಿ. ಆ ನಾನೂರು ಹೆಜ್ಜೆಯನ್ನು ಕತ್ತಲಾದ ಮೇಲೆ ಒಮ್ಮೆ ನಡೆದು ನೋಡದೆ ಮನೆ ಒಪ್ಪಿಕೊಳ್ಳಬಾರದು.

ಅಲ್ಲಿ ಜನ ಸರಿಯಿಲ್ಲ ಎಂಬ ಮಾತನ್ನು ಮಾತ್ರ ನೇರವಾಗಿ ಎದುರಿಸಬೇಕು. ಹೀಗೆ ಹೇಳುವವರು ಪೊಲೀಸ್ ಠಾಣೆಯ ಅಂಕಿಅಂಶ ನೋಡಿ ಹೇಳುವುದಿಲ್ಲ. ಬಡವರು, ಮುಸ್ಲಿಮರು, ದಲಿತರು ಹೆಚ್ಚಿರುವ ಕಡೆಗೇ ಈ ಮಾತು ಹೊರಳುತ್ತದೆ. ಇದೇ ಮಾತನ್ನು ಇನ್ನೊಂದು ತುದಿಯಿಂದ ಹಿಡಿದರೆ ಮಾಲೀಕರ ಸಂದರ್ಶನವಾಗುತ್ತದೆ: ಯಾವ ಊರು, ಯಾವ ಜನ, ಮನೆಯಲ್ಲಿ ನಾನ್‌ವೆಜ್ ಮಾಡುತ್ತೀರಾ? ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡಿನ ಮುಂದೆ ನಿಂತವರಿಗೆ ಏರಿಯಾ ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ತಾರತಮ್ಯ ಕೂಡದೆನ್ನುತ್ತದೆ. ಖಾಸಗಿ ಬಾಡಿಗೆ ಮನೆಯ ಹೆಸರನ್ನು ಎತ್ತುವುದಿಲ್ಲ. ಒಳ್ಳೆ ಏರಿಯಾದ ಹೆಚ್ಚುವರಿ ಬಾಡಿಗೆಯ ಒಂದು ಪಾಲು, ತಮ್ಮಂಥವರ ನಡುವೆಯೇ ಇರುತ್ತೇವೆ ಎಂಬ ನೆಮ್ಮದಿಗೆ ಕೊಡುವ ದುಡ್ಡು. ಅದನ್ನು ಸುರಕ್ಷತೆಯ ಲೆಕ್ಕಕ್ಕೆ ಬರೆಯುವುದು ಸುಳ್ಳು, ಹೊರಗುಳಿದವರಿಗೆ ಅನ್ಯಾಯ ಕೂಡ.

ಹೊಸಬರಿಗೆ ಇಷ್ಟೆಲ್ಲ ನೋಡಲು ಪುರುಸೊತ್ತೆಲ್ಲಿದೆ, ಸೋಮವಾರ ಕೆಲಸಕ್ಕೆ ಸೇರಬೇಕಾದವರು ಹೆಸರನ್ನು ನಂಬದೆ ಇನ್ನೇನು ಮಾಡಬೇಕು ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಒಂದೆರಡು ತಿಂಗಳು ಪಿಜಿಯಲ್ಲಿದ್ದುಕೊಂಡು ಹುಡುಕುವುದು ಒಂಟಿಯಾಗಿ ಬಂದವರಿಗೆ ಸಾಧ್ಯ, ಶಾಲೆಗೆ ಹೋಗುವ ಮಕ್ಕಳು ಜೊತೆಗಿದ್ದವರಿಗೆ ಕಷ್ಟ. ಆದರೆ ಕಷ್ಟದ ಬೇರು ಇರುವುದು ಪುರುಸೊತ್ತಿನಲ್ಲಲ್ಲ, ಅಡ್ವಾನ್ಸಿನಲ್ಲಿ. ಐದರಿಂದ ಹತ್ತು ತಿಂಗಳ ಬಾಡಿಗೆ ಮುಂಗಡ ಕೊಡುವುದು ಬೆಂಗಳೂರಿನ ರೂಢಿ. 16,000ದ ಮನೆಗೆ ಹತ್ತು ತಿಂಗಳೆಂದರೆ 1,60,000. ಬರುವಾಗ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಪೇಂಟಿಂಗಿಗೆಂದು ಇನ್ನೊಂದು ತಿಂಗಳದು ಹೋಗುತ್ತದೆ. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಮನೆ ಬದಲಿಸಿದರೆ ಈ ಎರಡೇ ಬಾಬ್ತಿನಿಂದ ತಿಂಗಳಿಗೆ 2,900 ಹೆಚ್ಚು ಬಿದ್ದಂತಾಯಿತು. ಬದಲಿಸುವುದು ಇಷ್ಟು ತುಟ್ಟಿಯಾದಾಗ ಜನ ಮೊದಲ ಸಲವೇ ತಪ್ಪಾಗದಿರಲಿ ಎಂದು ಹೆಸರಿನ ಆಸರೆ ಹಿಡಿಯುವುದು ಸಹಜ, ಮಾಲೀಕರು ಆ ಹೆಸರಿಗೆ ಬೆಲೆ ಕಟ್ಟುವುದೂ ಸಹಜ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇವತ್ತು ಆ ಮಿತಿಯೊಳಗೆ ಸಿಗುವುದು ಎಷ್ಟು ಮನೆ? ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎನ್ನುತ್ತದೆ. ಆ ಒಂದು ಮಿತಿ ಇಲ್ಲಿ ಜಾರಿಯಾದರೆ 16,000ದ ಮನೆಗೆ 32,000 ಕೊಟ್ಟು ಸೇರಬಹುದು. ನೀರು ಬರದಿದ್ದರೆ, ರಾತ್ರಿಯ ದಾರಿ ಸರಿಯಿಲ್ಲದಿದ್ದರೆ, ಉಳಿದ 1,28,000 ಕೈಯಲ್ಲೇ ಇರುವಾಗ, ಮುಂದಿನ ಕ್ರಾಸಿನಲ್ಲಿ ಇನ್ನೊಂದು ಮನೆ ನೋಡಬಹುದು.