ಸಲಹೆ ಎಂಬ ಪದದ ಭಾರ: ಭೂತಾನದ ಎರಡು ಒಪ್ಪಂದಗಳು

ಬಲಿಷ್ಠನ ನೆರೆಯಲ್ಲಿ ಬಾಳುವ ಸಣ್ಣ ರಾಷ್ಟ್ರಕ್ಕೆ ಎರಡು ಭಯಗಳುಂಟು: ನೆರೆಯವನು ಹಗೆಯಾದಾನೆಂಬುದು ಒಂದು, ಅವನ ಸ್ನೇಹವೇ ಹೊರೆಯಾದೀತೆಂಬುದು ಇನ್ನೊಂದು. ಮೊದಲನೆಯದು ರಾಜನೀತಿಯ ವಿಷಯ. ಎರಡನೆಯದು ಧರ್ಮನೀತಿಯ ವಿಷಯ. ಭಾರತ ಮತ್ತು ಭೂತಾನಗಳ ನಡುವಣ ಒಪ್ಪಂದಗಳನ್ನು ಜೊತೆಗಿಟ್ಟು ಓದಿದರೆ ಇದು ಮನದಟ್ಟಾಗುತ್ತದೆ.

1949ರ ಆಗಸ್ಟ್ 8ರಂದು ಡಾರ್ಜಿಲಿಂಗ್‌ನಲ್ಲಿ ಆದ ಒಪ್ಪಂದದ ಎರಡನೆಯ ವಿಧಿಯಲ್ಲಿ, ಭೂತಾನದ ಒಳಾಡಳಿತದಲ್ಲಿ ಕೈಹಾಕುವುದಿಲ್ಲವೆಂದು ಭಾರತ ಮಾತು ಕೊಟ್ಟಿತು. ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯಲು ಭೂತಾನ ಒಪ್ಪಿತು. ದೇವಾಂಗಿರಿಯ ಭೂಮಿಯನ್ನು ಹಿಂದಿರುಗಿಸಿ, ವರ್ಷಕ್ಕೆ 5 ಲಕ್ಷ ರೂಪಾಯಿ ಕೊಡಲು ಒಪ್ಪಿದ್ದು ಭಾರತದ ಔದಾರ್ಯವೇ ಸರಿ. ಆದರೆ ಸಲಹೆಯ ಆ ಮಾತು 1910ರ ಪುನಾಖಾ ಒಪ್ಪಂದದಲ್ಲಿ ಬ್ರಿಟಿಷರು ಬರೆಸಿದ್ದು. ಆಗತಾನೇ ದಾಸ್ಯದಿಂದ ಬಿಡುಗಡೆ ಹೊಂದಿದ ರಾಷ್ಟ್ರವು ಹಳೆಯ ಒಡೆಯನ ನುಡಿಯನ್ನೇ ಉಳಿಸಿಕೊಂಡದ್ದು ಚಿಂತನಾರ್ಹ.

ಭೂತಾನ ಆ ಪದದೊಡನೆ ಜಗಳಕ್ಕೆ ನಿಲ್ಲಲಿಲ್ಲ. ಸಲಹೆಯೆಂದರೆ ಆಜ್ಞೆಯಲ್ಲವೆಂಬುದನ್ನು ನಡೆಯಲ್ಲಿ ತೋರಿಸುತ್ತ ಬಂದಿತು. 1962ರಲ್ಲಿ ಕೊಲಂಬೊ ಯೋಜನೆಯನ್ನೂ 1971ರಲ್ಲಿ ವಿಶ್ವಸಂಸ್ಥೆಯನ್ನೂ ಸೇರಿತು. ಅದೂ ಭಾರತದ ಬೆಂಬಲದಿಂದಲೇ. ಕೊನೆಗೆ 2007ರ ಫೆಬ್ರವರಿ 8ರ ಹೊಸ ಒಪ್ಪಂದದಲ್ಲಿ ಸಲಹೆಯ ಮಾತು ಅಳಿದು, ಪರಸ್ಪರ ಸಹಕಾರದ ಮಾತು ಬಂದಿತು. ಐವತ್ತೆಂಟು ವರ್ಷಗಳ ತಾಳ್ಮೆಯ ಫಲವಿದು.

ಆದರೆ ಪದ ಬದಲಾದ ಮಾತ್ರಕ್ಕೆ ಅವಲಂಬನೆ ಅಳಿಯದು. ಭೂತಾನದ ನಾಣ್ಯ ನುಲ್ಟ್ರಂ ಇಂದಿಗೂ ರೂಪಾಯಿಗೆ ಸಮ. ಅದರ ಹೆಚ್ಚುವರಿ ಜಲವಿದ್ಯುತ್ತನ್ನು ಕೊಳ್ಳುವುದು ಭಾರತ. 336 ಮೆಗಾವಾಟ್‌ನ ಚುಖಾ ಯೋಜನೆಗೆ ಭಾರತ ಕೊಟ್ಟ ಹಣದಲ್ಲಿ ಶೇಕಡಾ 60 ಅನುದಾನ, 40 ಸಾಲ. 2019ರಲ್ಲಿ ಉದ್ಘಾಟನೆಯಾದ 720 ಮೆಗಾವಾಟ್‌ನ ಮಾಂಗ್ದೆಛು ಯೋಜನೆಯಲ್ಲಿ ಅನುದಾನ 30, ಸಾಲ 70. ಕೊಡುಗೆ ಬರಬರುತ್ತ ಋಣವಾಯಿತು.

2013ರ ಜುಲೈನಲ್ಲಿ, ಭೂತಾನದ ಚುನಾವಣೆಗೆ ಕೆಲವೇ ದಿನಗಳಿರುವಾಗ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಯ ಸಹಾಯಧನ ನಿಂತಿತು. ಯೋಜನಾವಧಿ ಮುಗಿದದ್ದೇ ಕಾರಣವೆಂಬ ವಿವರಣೆ ಬಂದಿತು. ಆಡಳಿತ ಪಕ್ಷ ಸೋತಿತು. ಆಗಸ್ಟ್‌ನಲ್ಲಿ ಸಹಾಯಧನ ಮರಳಿತು. ಉದ್ದೇಶ ಏನೇ ಇರಲಿ, ಒಲೆಯ ಬೆಂಕಿ ನೆರೆಯವನ ಕೈಯಲ್ಲಿದೆಯೆಂಬುದು ಪ್ರತಿ ಮನೆಗೂ ತಿಳಿಯಿತು. ಒಳಾಡಳಿತದಲ್ಲಿ ಕೈಹಾಕುವುದಿಲ್ಲವೆಂಬ ಹಳೆಯ ವಚನ ಪರೀಕ್ಷೆಗೆ ಒಳಗಾದದ್ದು ಅಂದು.

ಅವಲಂಬಿಸುವುದು ಅಪಮಾನವಲ್ಲ. ದುರ್ಬಲನು ತಾಳ್ಮೆಯಿಂದ ತನ್ನ ಘನತೆಯನ್ನು ಉಳಿಸಿಕೊಳ್ಳಬಲ್ಲನೆಂಬುದಕ್ಕೆ ಭೂತಾನವೇ ಸಾಕ್ಷಿ. ಆದರೆ ಸಂಯಮದ ಹೊಣೆಯನ್ನೆಲ್ಲ ಅವನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಹಿಂತೆಗೆದುಕೊಳ್ಳುವ ಶಕ್ತಿಯಿದ್ದೂ ಅದನ್ನು ಬಳಸದಿರುವುದೇ ಬಲಿಷ್ಠನ ಅಹಿಂಸೆ. ಆ ಸಂಯಮವಿಲ್ಲದ ಉಪಕಾರ ಬರಿಯ ಲೇವಾದೇವಿ.