ಜಪಾನೀ ಅಕ್ಷರಾಭ್ಯಾಸದಲ್ಲಿ ‘ಇರೊಹ’ ಪದ್ಯದ ಸ್ಥಾನ

ಜಪಾನೀ ಭಾಷೆಯನ್ನು ಬರೆಯುವುದಕ್ಕೆ ಚೀನೀ ಅಕ್ಷರಗಳಲ್ಲದೆ ಹಿರಗಾನ, ಕತಕಾನ ಎಂಬ ಎರಡು ಧ್ವನಿಲಿಪಿಗಳೂ ಬಳಕೆಯಲ್ಲಿವೆ. ಚೀನೀ ಅಕ್ಷರಗಳನ್ನು ಶೀಘ್ರವಾಗಿ ದುಂಡಗೆ ಬರೆಯುವ ರೂಢಿಯಿಂದ ಹಿರಗಾನವು ಹುಟ್ಟಿತು. ಬೌದ್ಧ ಭಿಕ್ಷುಗಳು ಗ್ರಂಥಪಂಕ್ತಿಗಳ ಪಕ್ಕದಲ್ಲಿ ಉಚ್ಚಾರಣೆಯನ್ನು ಸೂಚಿಸಲು ಆ ಅಕ್ಷರಗಳ ಒಂದು ಅವಯವವನ್ನು ಮಾತ್ರ ಬರೆದುಕೊಂಡುದರಿಂದ ಕತಕಾನವು ಹುಟ್ಟಿತು. ಇವುಗಳ ಅಭ್ಯಾಸಕ್ಕೆ ಎರಡು ಕ್ರಮಗಳು ಪ್ರಸಿದ್ಧವಾಗಿವೆ: ‘ಇರೊಹ’ ಎಂಬ ಪದ್ಯವೊಂದು, ‘ಗೊಜೂಒನ್’ ಎಂಬ ಐವತ್ತು ಧ್ವನಿಗಳ ಕೋಷ್ಟಕವೊಂದು. ಶತಮಾನಗಳ ಕಾಲ ಮಕ್ಕಳ ಓಲೆಯಲ್ಲಿ ಮೊದಲಿಗಿದ್ದ ಪದ್ಯವು ಈಗ ಆ ಸ್ಥಾನವನ್ನು ಕೋಷ್ಟಕಕ್ಕೆ ಬಿಟ್ಟುಕೊಟ್ಟಿದೆ. ಇದು ನ್ಯಾಯವೇ ಎಂಬುದು ಪ್ರಕೃತ ವಿಚಾರ.

ಮೊದಲು ಪದ್ಯದ ಗುಣವನ್ನು ಹೇಳತಕ್ಕದ್ದು. ಇದರಲ್ಲಿ ನಾಲ್ವತ್ತೇಳು ಅಕ್ಷರಗಳಿವೆ. ಪ್ರತಿಯೊಂದೂ ಒಂದೇ ಸಾರಿ ಬರುತ್ತದೆ. ಸಂಸ್ಕೃತದ ಚಿತ್ರಕಾವ್ಯಗಳಲ್ಲಿ ಇಂಥ ಅಕ್ಷರನಿಯಮವು ಅರ್ಥವನ್ನು ಹಿಂಸಿಸುವುದನ್ನು ಬಲ್ಲವರಿಗೆ, ಇಲ್ಲಿ ಅರ್ಥವು ಕ್ಲಿಷ್ಟತೆಯಿಲ್ಲದೆ ಹರಿಯುವುದು ಆಶ್ಚರ್ಯಕರವಾಗಿ ತೋರದಿರದು. ವಿಷಯವು ಸಂಸಾರದ ಅನಿತ್ಯತೆ. ಏಳು ಮತ್ತು ಐದು ಅಕ್ಷರಗಳ ಖಂಡಗಳಿಂದಾದ ನಾಲ್ಕು ಪಾದಗಳು. ಎರಡನೆಯ ಪಾದದ ಮೊದಲ ಖಂಡದಲ್ಲಿ ಮಾತ್ರ ಒಂದಕ್ಷರ ಕಡಿಮೆ. ಇದು ನಿರ್ವಾಣಸೂತ್ರದ ಅನಿತ್ಯಗಾಥೆಯ ಭಾವವೆಂದು ಕಾಕುಬನ್ (1095–1143) ಎಂಬ ಭಿಕ್ಷುವು ವ್ಯಾಖ್ಯಾನಿಸಿದನು. ಕಾವ್ಯವೆಂಬ ದೃಷ್ಟಿಯಿಂದ ಇದಕ್ಕೆ ಸಲ್ಲುವ ಮನ್ನಣೆಯು ಯೋಗ್ಯವೇ ಸರಿ.

ಇನ್ನು ಕರ್ತೃವಿನ ವಿಚಾರ. ಚೀನಾ ದೇಶಕ್ಕೆ ಹೋಗಿ ಪ್ರಜ್ಞನೆಂಬ ಭಿಕ್ಷುವಿನಿಂದ ಸಂಸ್ಕೃತವನ್ನು ಕಲಿತು 806ರಲ್ಲಿ ಹಿಂದಿರುಗಿದ ಕೂಕಾಯ್ (774–835) ಆಚಾರ್ಯನೇ ಇದನ್ನು ರಚಿಸಿದನೆಂಬುದು ಐತಿಹ್ಯ. ಅಕ್ಷರಸಾಕ್ಷ್ಯವು ಇದಕ್ಕೆ ವಿರುದ್ಧವಾಗಿದೆ. ಆಚಾರ್ಯನ ಕಾಲದಲ್ಲಿ ‘ಎ’ ಮತ್ತು ‘ಯೆ’ ಎಂಬ ಧ್ವನಿಗಳು ಬೇರೆಬೇರೆಯಾಗಿದ್ದುವು. ಹತ್ತನೆಯ ಶತಮಾನದ ನಡುವಿನ ವೇಳೆಗೆ ಅವು ಒಂದಾದುವು. ‘ಅಮೆತ್ಸುಚಿ’ ಎಂಬ ಪ್ರಾಚೀನ ಪದಮಾಲೆಯಲ್ಲಿ ಎರಡೂ ಇದ್ದು ಅಕ್ಷರಸಂಖ್ಯೆ ನಾಲ್ವತ್ತೆಂಟಾಗಿದೆ. ಇರೊಹದಲ್ಲಿ ಒಂದೇ ಇದೆ. ಶಾಸನಗಳಲ್ಲಿ ೞಕಾರ ಳಕಾರಗಳ ಸಾಂಕರ್ಯವನ್ನು ನೋಡಿ ಕಾಲವನ್ನೂಹಿಸುವ ಕನ್ನಡ ವಿದ್ವಾಂಸರಿಗೆ ಈ ಯುಕ್ತಿಯು ಹೊಸದಲ್ಲ. ಮೇಲಾಗಿ, 970ರಲ್ಲಿ ಮಿನಮೊತೊ ನೊ ತಮೆನೊರಿ ಎಂಬವನು ಬಾಲಶಿಕ್ಷೆಗಾಗಿ ಬರೆದ ಗ್ರಂಥದಲ್ಲಿ ಬೇರೊಂದು ನಾಲ್ವತ್ತೇಳಕ್ಷರಗಳ ಪದ್ಯವನ್ನು ಹೊಗಳಿರುವನಲ್ಲದೆ ಇರೊಹವನ್ನು ಹೆಸರಿಸಿಲ್ಲ. ಇರೊಹವು ದೊರೆಯುವ ಅತಿ ಹಳೆಯ ಲೇಖ್ಯವು ಸುವರ್ಣಪ್ರಭಾಸ ಸೂತ್ರದ ಉಚ್ಚಾರಣಕೋಶ. ಅದರ ಕಾಲ 1079.

ಕೊರತೆಯಾದ ಒಂದಕ್ಷರದ ಸ್ಥಾನದಲ್ಲಿ ಮೊದಲು ಎರಡನೆಯ ಎಕಾರವಿದ್ದಿರಬಹುದು. ಆಗ ಛಂದಸ್ಸೂ ಪೂರ್ಣವಾಗಿ, ಪದ್ಯವೂ ಪ್ರಾಚೀನವಾಗುವುದೆಂದು ಕೆಲವರ ಊಹೆ. ಊಹೆಯು ರಮ್ಯವಾಗಿದೆ. ಆದರೆ ಅಂಥ ಪಾಠವುಳ್ಳ ಪ್ರತಿಯು ದೊರೆಯದಿರಲು, ಛಂದಸ್ಸಿನ ಲೋಪವೊಂದರಿಂದಲೇ ಕರ್ತೃವನ್ನು ಸ್ಥಾಪಿಸಲಾಗದು.

ಅಕ್ಷರಾಭ್ಯಾಸದ ದೃಷ್ಟಿಯಿಂದ ನೋಡಿದರೆ ಪದ್ಯದ ದೋಷವು ಸ್ಫುಟವಾಗುತ್ತದೆ. ಬರಹದಲ್ಲಿರುವಂತೆ ಓದಿದರೆ ಅರ್ಥವು ತೋರದು. ಅರ್ಥಕ್ಕೆ ತಕ್ಕಂತೆ ಓದಿದರೆ ಅಕ್ಷರವು ತಪ್ಪುತ್ತದೆ. ‘ಈ ದಿನ’ ಎಂಬರ್ಥದ ಪದವನ್ನು ಅಲ್ಲಿ ಕೆ, ಫು ಎಂದು ಎರಡಕ್ಷರಗಳಲ್ಲಿ ಬರೆದು ‘ಕ್ಯೋ’ ಎಂದು ಓದಬೇಕು. 1946ರ ಲೇಖನಸುಧಾರಣೆಯಿಂದ ಸಾಮಾನ್ಯ ಬರಹದಲ್ಲಿ ಬಿಟ್ಟುಹೋದ ‘ವಿ’, ‘ವೆ’ ಅಕ್ಷರಗಳು ಪದ್ಯದಲ್ಲಿವೆ; ನಿತ್ಯವೂ ಬೇಕಾದ ಅನುನಾಸಿಕ ‘ನ್’ ಅದರಲ್ಲಿಲ್ಲ.

ಇದಕ್ಕಿಂತಲೂ ಮುಖ್ಯವಾದ ಕಾರಣವು ಲಿಪಿಯ ಸ್ವಭಾವದಲ್ಲಿಯೇ ಇದೆ. ಕನ್ನಡದಲ್ಲಿ ಕ, ಕಿ, ಕು ಎಂಬುವುಗಳ ಆಕಾರವನ್ನು ಕಂಡೊಡನೆಯೇ ಅವುಗಳಲ್ಲಿ ಒಂದೇ ವ್ಯಂಜನವಿದೆಯೆಂದು ಬಾಲಕನಿಗೂ ತಿಳಿಯುವುದು. ಕಾಗುಣಿತವು ಕಣ್ಣಿಗೆ ಕಾಣುತ್ತದೆ. ಜಪಾನೀ ಧ್ವನಿಲಿಪಿಗಳಲ್ಲಿ ಇವು ಮೂರೂ ಪರಸ್ಪರ ಸಂಬಂಧವಿಲ್ಲದ ಆಕೃತಿಗಳು. ಆದಕಾರಣ ಆಕಾರವು ತೋರದ ಸಂಬಂಧವನ್ನು ಕ್ರಮವು ತೋರಿಸಬೇಕು. ಕೋಷ್ಟಕವು ಅ, ಇ, ಉ, ಎ, ಒ ಎಂಬ ಐದು ಸ್ವರಗಳನ್ನು ಒಂದು ದಿಕ್ಕಿಗೂ, ಕ, ಸ, ತ, ನ, ಹ, ಮ, ಯ, ರ, ವ ಎಂಬ ವ್ಯಂಜನಗಳನ್ನು ಇನ್ನೊಂದು ದಿಕ್ಕಿಗೂ ಇಟ್ಟು ಈ ಕಾರ್ಯವನ್ನು ನೆರವೇರಿಸುತ್ತದೆ. ಇದರಿಂದ ವ್ಯಾಕರಣಕ್ಕೂ ಉಪಕಾರವುಂಟು: ‘ಬರೆ’ ಎಂಬರ್ಥದ ಕ್ರಿಯಾಪದವು ಕಕ, ಕಕಿ, ಕಕು, ಕಕೆ, ಕಕೊ ಎಂದು ಕಕಾರದ ಒಂದೇ ಪಂಕ್ತಿಯಲ್ಲಿ ರೂಪಾಂತರ ಹೊಂದುವುದು. ಪದ್ಯಕ್ರಮದಲ್ಲಿ ಈ ಐದು ಅಕ್ಷರಗಳು ಚದರಿಹೋಗಿವೆ.

ಕೋಷ್ಟಕದ ಕ್ರಮವು ಸಂಸ್ಕೃತ ವರ್ಣಮಾಲೆಯದೆಂಬುದು ಸ್ಪಷ್ಟ. ಸಿದ್ಧಂ ಲಿಪಿಯನ್ನು ಅಭ್ಯಸಿಸಿದ ಭಿಕ್ಷುಗಳ ಮೂಲಕ ಅದು ಅಲ್ಲಿ ನೆಲೆಗೊಂಡಿತು. ಚಕಾರದ ಸ್ಥಾನದಲ್ಲಿ ಸಕಾರವೂ, ಪಕಾರದ ಸ್ಥಾನದಲ್ಲಿ ಹಕಾರವೂ ಇರುವುದು ಮೇಲುನೋಟಕ್ಕೆ ಕ್ರಮಭಂಗವೆನಿಸಿದರೂ ವಾಸ್ತವವಾಗಿ ಅದು ಇತಿಹಾಸದ ಕುರುಹು. ಈಗಿನ ಹಕಾರವು ಪೂರ್ವದಲ್ಲಿ ಓಷ್ಠ್ಯವಾಗಿದ್ದಿತು. ಆದರೆ ಇಷ್ಟರಿಂದ ಜಪಾನೀ ಲಿಪಿಯೇ ಭಾರತೀಯವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆಕೃತಿಗಳು ಚೀನಾದವು; ಜೋಡಣೆಯು ಮಾತ್ರ ಭಾರತದ್ದು. ಆ ಜೋಡಣೆಯೂ ಒಮ್ಮೆಗೇ ಸಿದ್ಧವಾದುದಲ್ಲ. ಹನ್ನೊಂದನೆಯ ಶತಮಾನದ ಆದಿಭಾಗದ, ಮಹಾಮಾಯೂರೀ ಗ್ರಂಥದ ಉಚ್ಚಾರಣಕೋಶದಲ್ಲಿ ಸ್ವರಗಳು ಇ, ಒ, ಅ, ಎ, ಉ ಎಂಬ ಬೇರೆ ಕ್ರಮದಲ್ಲಿವೆ.

ಆದುದರಿಂದ ಲಿಪಿಯನ್ನು ಕಲಿಯುವವನಿಗೆ ಕೋಷ್ಟಕವೇ ಮೊದಲು ಸಲ್ಲತಕ್ಕದ್ದು. ಅಕ್ಷರಗಳು ಕೈವಶವಾದ ಮೇಲೆ ಇರೊಹವನ್ನು ಪ್ರಾಚೀನ ಲೇಖನಕ್ರಮದಲ್ಲಿಯೇ, ಛಂದಸ್ಸಿನೊಡನೆ, ಸಾಹಿತ್ಯಪಾಠವಾಗಿ ಓದಿಸುವುದು ಉಚಿತ. ಆಗ ಕೂಕಾಯ್ ಆಚಾರ್ಯನ ಹೆಸರನ್ನು ಐತಿಹ್ಯವೆಂದೇ ತಿಳಿಸತಕ್ಕದ್ದು. ಕರ್ತೃವು ಅಜ್ಞಾತನಾದುದರಿಂದ ಪದ್ಯದ ಗುಣಕ್ಕೆ ಹಾನಿಯೇನೂ ಇಲ್ಲ.