‘ಗುಡ್ಡದ ಭೂತ’ಕ್ಕೆ ಹೆದರಿದವರು ಯಾರು?

ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ನಲವತ್ತೈದು ದಾಟಿದ ಯಾರ ಮುಂದಾದರೂ ‘ಗುಡ್ಡದ ಭೂತ’ದ ಮಾತೆತ್ತಿ ನೋಡಿ. ಕಥೆಗಿಂತ ಮೊದಲು ‘ಡೆನ್ನಾನ ಡೆನ್ನಾನ’ ಬರುತ್ತದೆ. ಆಮೇಲೆ ಮಾಳಿಗೆ ಹತ್ತಿ ಆಂಟೆನಾ ತಿರುವಿದ್ದು, ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಹೋದದ್ದು, ಕಂತು ಮುಗಿದ ಮೇಲೆ ಹಿತ್ತಲಿಗೆ ಒಬ್ಬರೇ ಹೋಗಲು ಅಂಜಿದ್ದು. ಸರಿ, ಕೊನೆಗೆ ಗುಟ್ಟೇನೆಂದು ತಿಳಿಯಿತು ಎಂದು ಕೇಳಿದರೆ ಮಾತು ತೊದಲುತ್ತದೆ. 1990ರ ಸುಮಾರಿಗೆ ದೂರದರ್ಶನದಲ್ಲಿ ಬಂದು 13 ಕಂತಿಗೇ ಮುಗಿದ ಧಾರಾವಾಹಿ ಇಷ್ಟು ವರ್ಷ ಬದುಕಿರುವುದು ಒಂದು ಹಾಡಿನ ಬಲದಿಂದ.

ಆ ಹಾಡಿನ ಪಲ್ಲವಿಗೆ ಎರಡನೇ ಆಯುಷ್ಯ ಕೊಟ್ಟದ್ದು 2015ರಲ್ಲಿ ತೆರೆಕಂಡ ಅನೂಪ್ ಭಂಡಾರಿಯವರ ‘ರಂಗಿತರಂಗ’. ಧಾರಾವಾಹಿಯಲ್ಲಿ ನಟಿಸಿದ್ದ ಪ್ರಕಾಶ್ ರೈ ಮುಂದೆ ಪ್ರಕಾಶ್ ರಾಜ್ ಆಗಿ ಬೆಳೆದದ್ದರ ಹೊಳಪೂ ಹಿಮ್ಮುಖವಾಗಿ ಅದರ ಮೇಲೆ ಬಿತ್ತು. ಇವೆರಡನ್ನೂ ಕಳೆದರೆ ಉಳಿಯುವುದೆಷ್ಟು? ನಿರ್ದೇಶಕ ಸದಾನಂದ ಸುವರ್ಣ ಅವರ ಹೆಸರು ಹೇಳುವವರೇ ಕಡಿಮೆ ಎಂಬುದರಲ್ಲಿ ಉತ್ತರದ ಒಂದು ಭಾಗವಿದೆ.

ಹಾಡನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ‘ಡೆನ್ನಾನ’ ಎಂಬುದಕ್ಕೆ ಅರ್ಥವಿಲ್ಲ. ತುಳುನಾಡಿನ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಪಾಡ್ದನ ಹಾಡುವಾಗ ಬರುವ ಸೊಲ್ಲು ಅದು. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಹಿಡಿಯುತ್ತಾರೆ. ಬಗ್ಗಿದ ಬೆನ್ನುಗಳು, ಕೆಸರಿನ ಕೈಗಳು ಒಂದೇ ಲಯಕ್ಕೆ ಬರುತ್ತವೆ. ಅಂದರೆ ಇದು ಹಗಲಿನ ಹಾಡು, ಹತ್ತು ಜನರ ನಡುವಿನ ಹಾಡು. ಅದಕ್ಕೆ ಅಂಜಿಕೆಯ ಗುಣವೇ ಇಲ್ಲ. ನಮ್ಮ ಕಡೆ ಬೀಸುವಾಗ, ಕುಟ್ಟುವಾಗ ಹಾಡುವ ‘ಸುವ್ವಿ ಸುವ್ವಾಲೆ’ಯನ್ನು ದೆವ್ವದ ಧಾರಾವಾಹಿಯೊಂದಕ್ಕೆ ಶೀರ್ಷಿಕೆ ಗೀತೆ ಮಾಡಿದ್ದರೆ ಬ್ಯಾಡಗಿಯ ಯಾವ ಅವ್ವ ಹೆದರುತ್ತಿದ್ದಳು? ನಕ್ಕು ಎದ್ದು ಹೋಗುತ್ತಿದ್ದಳು. ಆದರೆ ಅವಳಿಗೆ ಡೆನ್ನಾನದ ಗದ್ದೆ ಗೊತ್ತಿರಲಿಲ್ಲ. ಗದ್ದೆಯಿಂದ ಕಿತ್ತ ಸೊಲ್ಲು ಮಬ್ಬು ಪರದೆಯೊಳಗಿಂದ ಅವಳ ಪಡಸಾಲೆಗೆ ಬಂದಾಗ ಮಂತ್ರದ ಹಾಗೆ, ಯಾರೋ ದೂರದಿಂದ ಕರೆದ ಹಾಗೆ ಕೇಳಿತು. ಬಯಲುಸೀಮೆಯ ಭಯದಲ್ಲಿ ಅರ್ಧ ಪಾಲು ಆ ಅಪರಿಚಿತತನದ್ದು. ಕರಾವಳಿಯವರಿಗೆ ಹೆದರಿಕೆ ಆಗಿಲ್ಲವೆಂದಲ್ಲ. ದಿನವೂ ಕೇಳಿದ ದನಿಯೇ ಕತ್ತಲಲ್ಲಿ ಬೇರೆಯಾಗಿ ಕೇಳಿಸಿದ ಹೆದರಿಕೆ ಅವರದು, ಅದರ ಜಾತಿಯೇ ಬೇರೆ. ಸುವರ್ಣ ಕಿರುಚಾಟದ ಸಂಗೀತಕ್ಕೆ ಕೈಹಾಕದೆ ದುಡಿಮೆಯ ಸೊಲ್ಲನ್ನು ಆರಿಸಿದ ಜಾಣತನ ಕರಾವಳಿಯವರಿಗೆ ದಕ್ಕಿತು. ನಮಗೆ ದಕ್ಕಿದ್ದು ಹಾಡಿನ ಗುಂಗು ಮಾತ್ರ.

ಹೆಸರಿನ ಗತಿಯೂ ಅಷ್ಟೇ ಆಯಿತು. ‘ಭೂತ ಅಂದ್ರ ದೆವ್ವ ಅಲ್ಲೇನ್ರಿ?’ ಎಂಬುದು ನಮ್ಮ ಕಡೆಯ ಪ್ರಶ್ನೆ. ಇಲ್ಲಿ ದೆವ್ವ ಬಡಿಯುತ್ತದೆ, ಬಿಡಿಸಬೇಕಾಗುತ್ತದೆ. ತುಳುವರ ಭೂತ ದೈವ. ಅದಕ್ಕೆ ಸ್ಥಾನವಿದೆ, ಕೋಲವಿದೆ. ಗಗ್ಗರ ಕಟ್ಟಿ ಕುಣಿಯುತ್ತದೆ, ನುಡಿ ಕೊಡುತ್ತದೆ, ಜಮೀನಿನ ತಂಟೆ ತೀರಿಸುತ್ತದೆ. ಹೋಲಿಕೆ ಬೇಕಿದ್ದರೆ ರಾಣೆಬೆನ್ನೂರು ತಾಲ್ಲೂಕಿನಲ್ಲೇ ಇದೆ: ದಸರೆಯ ಹೊತ್ತಿಗೆ ದೇವರಗುಡ್ಡದಲ್ಲಿ ಬಿಲ್ಲೇರಿ ಕಾರ್ಣಿಕ ನುಡಿಯುವ ಗೊರವಯ್ಯ. ಗುಡ್ಡದಿಂದ ಬರುವ ಆ ಮಾತಿಗೆ ಇಡೀ ಊರು ಉಸಿರು ಬಿಗಿಹಿಡಿದು ಕಾಯುತ್ತದೆ. ‘ಗುಡ್ಡದ ಭೂತ’ವನ್ನು ಆ ಕಾಯುವಿಕೆಯ ಪಕ್ಕ ಇಟ್ಟು ನೋಡಿದ್ದರೆ ಹೆಸರೊಳಗಿನ ಬಿಗಿ ತಿಳಿಯುತ್ತಿತ್ತು. ಪೂಜೆಗೊಳ್ಳುವ ಶಕ್ತಿಯ ಹೆಸರು ಹೊತ್ತು ಊರನ್ನು ನಡುಗಿಸುತ್ತಿರುವುದು ನಿಜಕ್ಕೂ ಆ ಶಕ್ತಿಯೇನಾ, ಬೇರೇನಾದರೂನಾ? ಕಣ್ಣಿಗೆ ಬೀಳದ ಆ ಭೂತದ ಸುತ್ತ ಧಾರಾವಾಹಿ ಹೆಣೆಯುವ ಪ್ರಶ್ನೆ ಇದು. ದೆವ್ವ ಎಂದು ಓದಿಕೊಂಡವರಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ.

ಇಲ್ಲಿ ಎರಡು ಬಗೆಯ ವಿಮರ್ಶಕರೊಡನೆ ಜಗಳವಿದೆ. ಮೊದಲನೆಯವರು ಇದನ್ನು ‘ಕನ್ನಡದ ಹಾರರ್’ ಎಂಬ ಖಾನೆಗೆ ತುಂಬುವವರು. ‘ರಂಗಿತರಂಗ’ ಕಮರೊಟ್ಟು ಎಂಬ ಊರು ಕಟ್ಟಿ, ಗರ್ಭಿಣಿಯರನ್ನು ಹೊತ್ತೊಯ್ಯುವ ಗುಡ್ಡದ ಭೂತದ ಮಾತು ಬೆಳೆಸಿದ ಮೇಲೆ ಇವರ ಬಲ ಹೆಚ್ಚಾಯಿತು. ಸಿನಿಮಾದ ಕನ್ನಡಕ ಹಾಕಿಕೊಂಡು ಹಳೆಯ ಧಾರಾವಾಹಿ ನೋಡುವುದು, ಮೊಮ್ಮಗನ ಮೂಗು ನೋಡಿ ಅಜ್ಜನ ರೂಪ ಹೇಳಿದಂತೆ. ಎರಡನೆಯವರು ಇನ್ನೂ ಕಷ್ಟದವರು. ಇವರಿಗೆ ಇದು ಮೂಢನಂಬಿಕೆಯ ವಿರುದ್ಧದ ಪಾಠ. ತುಳು ರಂಗಭೂಮಿಯಲ್ಲಿ ಬೇರಿರುವ ಕಥೆಗೆ ವೈಚಾರಿಕತೆಯ ಪ್ರಮಾಣಪತ್ರ ಕೊಟ್ಟು ಮೆಚ್ಚುವ ಇವರು, ಆ ಮೂಲಕ ದೈವವನ್ನು ಮೂಢನಂಬಿಕೆಯ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ನಂಬಿಕೆ ಒಂದು, ನಂಬಿಕೆಯ ಮರೆಯಲ್ಲಿ ನಡೆಯುವ ಆಟ ಇನ್ನೊಂದು. 2022ರಲ್ಲಿ ‘ಕಾಂತಾರ’ ಬಂದು ಪಂಜುರ್ಲಿ, ಗುಳಿಗ ದೈವಗಳ ಹೆಸರು ಹಾವೇರಿಯ ಹುಡುಗರ ಬಾಯಿಗೂ ಬಂದ ಮೇಲೆ ಈ ವ್ಯತ್ಯಾಸ ಕಾಣದಿದ್ದರೆ ಅದು ವಿಮರ್ಶಕರ ಸೋಮಾರಿತನ.

ಧಾರಾವಾಹಿಯಲ್ಲಿ ದೋಷಗಳಿಲ್ಲವೆ? ಇವೆ. ಇವತ್ತಿನ ಕಣ್ಣಿಗೆ ನಡಿಗೆ ನಿಧಾನ, ಮಾತು ಆಗಾಗ ರಂಗದ ಮೇಲಿನ ಮಾತಿನಷ್ಟು ದೊಡ್ಡದು. ಇರಲಿ.

ಸುವರ್ಣರ ಉಳಿದ ಕೆಲಸದ ಜೊತೆ ಇಟ್ಟಾಗ ಧಾರಾವಾಹಿಯ ಅಳತೆ ಬದಲಾಗುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ನಿರ್ಮಾಪಕರು ಇವರೇ. ಬದುಕಿರುವ ಹೆಣ್ಣೊಬ್ಬಳಿಗೆ ಸಾವಿನ ವಿಧಿ ಮಾಡಿ ಹೊರದಬ್ಬುವ ಊರಿನ ಕಥೆ ಅದು. 1977ರ ಸಾಲಿನ ಸ್ವರ್ಣಕಮಲ ಪಡೆಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ವನ್ನು ಸಿನಿಮಾ ಮಾಡಿದವರೂ ಇವರೇ, ಅಲ್ಲಿ ಸಾವೊಂದರ ಗುಟ್ಟನ್ನು ಊರು ಮುಚ್ಚುತ್ತದೆ, ಡಾಕ್ಟರೊಬ್ಬ ಕೆದಕುತ್ತಾನೆ. ಮೂರನ್ನೂ ಸಾಲಾಗಿ ನೋಡಿದರೆ ಸುವರ್ಣರ ಕುತೂಹಲ ದೆವ್ವದ್ದಲ್ಲ, ಊರಿನದು ಎಂಬುದು ಸ್ಪಷ್ಟ. ಒಟ್ಟಾಗಿ ಹೆದರುವ, ಒಟ್ಟಾಗಿ ಬಾಯಿ ಮುಚ್ಚಿಕೊಳ್ಳುವ ಊರು.

ಅವರು 2024ರ ಜುಲೈನಲ್ಲಿ ತೀರಿಕೊಂಡರು. ದೂರದರ್ಶನ ಈ 13 ಕಂತುಗಳನ್ನು ಶುಚಿಗೊಳಿಸಿ, ಹೊತ್ತು ಗೊತ್ತುಮಾಡಿ, ನಿರ್ದೇಶಕರ ಹೆಸರು ಹೇಳಿ ಮತ್ತೊಮ್ಮೆ ತೋರಿಸಲಿ. ನೋಡಲು ಕೂರುವ ಹಲಗೇರಿಯವರು ಈ ಸಲ ಹಾಡು ಮುಗಿದ ಮೇಲೂ ಕಿವಿಗೊಡಲಿ.